ನೀರಿನ ಪಾಲು ಯಾರ ಹೆಸರಿಗೆ?

ಬರ ಅಂದ ಕೂಡಲೇ ನಾವೆಲ್ಲ ಮೊದಲು ತಲೆ ಎತ್ತಿ ಆಕಾಶ ನೋಡುತ್ತೇವೆ. ಮಳೆ ಬಂದರೆ ಬದುಕು, ಬಾರದಿದ್ದರೆ ಬರ. ಬಯಲುಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಈಚಿನ ಎರಡೇ ಎರಡು ವರ್ಷಗಳ ಲೆಕ್ಕ ನೋಡಿ. 2022ರ ಸೆಪ್ಟೆಂಬರಿನಲ್ಲಿ ಹಿರಿಯೂರು ತಾಲೂಕಿನ ವಾಣಿವಿಲಾಸ ಸಾಗರ, ಅಂದರೆ ನಮ್ಮ ಕಡೆಯವರ ಬಾಯಲ್ಲಿ ಮಾರಿಕಣಿವೆ, ತುಂಬಿ ಕೋಡಿ ಬಿತ್ತು. ಅದಕ್ಕೆ ಹಿಂದೆ ಕೋಡಿ ಬಿದ್ದದ್ದು 1933ರಲ್ಲಿ. ಬರೋಬ್ಬರಿ 89 ವರ್ಷ! ಊರೂರಿನಿಂದ ಜನ ಗಾಡಿ ಮಾಡಿಕೊಂಡು ನೋಡಲು ಹೋದರು. ಅದರ ಮರುವರ್ಷವೇ, 2023ರಲ್ಲಿ, ಕರ್ನಾಟಕದ 236 ತಾಲೂಕುಗಳಲ್ಲಿ 223 ತಾಲೂಕುಗಳು ಬರಪೀಡಿತ ಅಂತ ಸರ್ಕಾರ ಘೋಷಿಸಿತು.

ಒಂದು ವರ್ಷ ಕೋಡಿ, ಮರುವರ್ಷ ಬರ. ಹವಾಮಾನ ಬದಲಾವಣೆ ಅಂತ ಕೇಳಿದಾಗಲೆಲ್ಲ ನನಗೆ ಈಗ ಈ ಎರಡು ವರ್ಷಗಳು ನೆನಪಾಗುತ್ತವೆ. ಒಣಭೂಮಿಯಲ್ಲಿ ಮಳೆ ಕಡಿಮೆಯಾಗುವುದು ಒಂದು ಕಷ್ಟವಾದರೆ, ಮಳೆಯ ಮೇಲಿನ ನಂಬಿಕೆಯೇ ಹೋಗುವುದು ಇನ್ನೂ ದೊಡ್ಡ ಕಷ್ಟ. ಮೂರು ತಿಂಗಳಲ್ಲಿ ಹದವಾಗಿ ಬರಬೇಕಾದ್ದು ಮೂರು ದಿನದಲ್ಲಿ ಸುರಿದು ಹೋದರೆ ವರ್ಷದ ಸರಾಸರಿ ಸರಿಯಾಗಿಯೇ ಇರುತ್ತದೆ. ರಾಗಿ ಮಾತ್ರ ಕೈಗೆ ಬರುವುದಿಲ್ಲ.

ನಾನು ಸಾಫ್ಟ್‌ವೇರ್ ಕೆಲಸದವನು. ನಮ್ಮಲ್ಲಿ ಯಾವುದೇ ಡೇಟಾಬೇಸ್ ಬರೆಯಲು ಕೂತರೆ ಮೊದಲು ಬರುವ ಪ್ರಶ್ನೆ ಒಂದೇ: ಈ ಟೇಬಲ್ಲಿನ ಕೀ ಯಾವುದು? ಅಂದರೆ, ಪ್ರತಿಯೊಂದು ಲೆಕ್ಕವನ್ನೂ ಯಾರ ಹೆಸರಿಗೆ ಬರೆಯುವುದು? ಅದೊಂದನ್ನು ತಪ್ಪಾಗಿ ಇಟ್ಟರೆ ಮುಂದೆ ಎಷ್ಟು ಚಂದದ ಪ್ರೋಗ್ರಾಮ್ ಬರೆದರೂ ಉತ್ತರ ತಪ್ಪೇ. ಬಯಲುಸೀಮೆಯ ಚರಿತ್ರೆ ಓದುವಾಗ ನನ್ನನ್ನು ಕಾಡಿದ್ದೂ ಇದೇ ಪ್ರಶ್ನೆ. ಈ ಸೀಮೆಯಲ್ಲಿ ನೀರನ್ನು ಯಾರ ಹೆಸರಿಗೆ ಬರೆದರು? ಹುಡುಕುತ್ತಾ ಹೋದರೆ ಕಾಲಕ್ಕೊಂದು ಉತ್ತರ ಸಿಗುತ್ತದೆ. ಒಮ್ಮೆ ಗದ್ದೆಯ ಹೆಸರಿಗೆ, ಒಮ್ಮೆ ಸರ್ಕಾರದ ಹೆಸರಿಗೆ, ಆಮೇಲೆ ಪಂಪ್‌ಸೆಟ್ಟಿನ ಹೆಸರಿಗೆ. ಒಂದೇ ಒಂದು ತಾಲೂಕಿನಲ್ಲಿ, ಕೆಲವೇ ಕಾಲ, ಮನುಷ್ಯರ ಹೆಸರಿಗೆ. ಆ ಕೊನೆಯ ಕಥೆ ಹೇಳಬೇಕು ಅಂತಲೇ ಇದನ್ನು ಬರೆಯಲು ಕೂತದ್ದು. ಆದರೆ ಅದು ಅರ್ಥವಾಗಬೇಕಾದರೆ ಹಿಂದಿನದನ್ನು ಸ್ವಲ್ಪ ನೋಡಬೇಕು.

* * *

ಮೊದಲು ಕೆರೆ.

ಹಳೇ ಮೈಸೂರಿನ ಕೆರೆಗಳು ಒಂಟಿಯಾಗಿ ಕಟ್ಟಿದವಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ, ಹೀಗೆ ಸರಪಳಿ. ಬೆಂಗಳೂರಿನವರಿಗೆ ಸ್ಯಾಂಕಿ ಕೆರೆ ಗೊತ್ತಲ್ಲ, ಆ ಹೆಸರಿನ ರಿಚರ್ಡ್ ಸ್ಯಾಂಕಿ ಮೈಸೂರಿನಲ್ಲಿ ಮುಖ್ಯ ಎಂಜಿನಿಯರ್ ಆಗಿದ್ದವನು. 1860ರ ದಶಕದಲ್ಲಿ ಅವನು ಈ ಕೆರೆಗಳನ್ನು ನೋಡಿ ಬೆರಗಾಗಿ, ಈ ಸೀಮೆಯಲ್ಲಿ ಹೊಸ ಕೆರೆಗೆ ಜಾಗ ಹುಡುಕಬೇಕಾದರೇ ದೊಡ್ಡ ಜಾಣತನ ಬೇಕು ಎಂಬ ಅರ್ಥದಲ್ಲಿ ವರದಿ ಬರೆದ. ಎಲ್ಲಿ ಹೊಸದನ್ನು ಕಟ್ಟಿದರೂ ಅದು ಕೆಳಗಿನ ಯಾವುದೋ ಹಳೇ ಕೆರೆಯ ನೀರನ್ನು ಕಸಿದುಕೊಳ್ಳುತ್ತದೆ ಅಂತ.

ಕೆರೆ ಕಟ್ಟಿದವರಿಗೆ ಕೆರೆ ಉಳಿಸುವ ಕಷ್ಟವೂ ಗೊತ್ತಿತ್ತು. ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ 'ಬಿತ್ತುವಟ್ಟ', 'ಕಟ್ಟುಕೊಡಗೆ' ಎಂಬ ಪದಗಳು ಅದನ್ನೇ ಹೇಳುತ್ತವೆ: ಕೆರೆ ಕಟ್ಟಿದವನಿಗೆ, ಅದನ್ನು ದುರಸ್ತಿಯಲ್ಲಿ ಇಟ್ಟವನಿಗೆ ಬಿಟ್ಟುಕೊಟ್ಟ ಭೂಮಿ. ಕಡಪ ಜಿಲ್ಲೆಯ ಪೋರುಮಾಮಿಳ್ಳದ ಕೆರೆಯ ಮೇಲೆ 1369ರ ಒಂದು ಶಾಸನವಿದೆ. ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆ ಅದು. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ತಗುಲಬಾರದ 6 ದೋಷಗಳನ್ನೂ ಆ ಶಾಸನ ಪಟ್ಟಿ ಮಾಡುತ್ತದೆ. ದೋಷಗಳಲ್ಲಿ ಏರಿ ಸೋರುವುದು, ಚೌಳು ಮಣ್ಣು ಇವೆಲ್ಲ ಇವೆ, ಸರಿ. ಅದರ ಜೊತೆಗೇ ಇನ್ನೊಂದು ಇದೆ: ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟುವುದು! 14ನೇ ಶತಮಾನದ ಎಂಜಿನಿಯರಿಗೆ ಪಾಲಿನ ಜಗಳವೂ ಏರಿಯ ಬಿರುಕಿನಂತೆಯೇ ಒಂದು ತಾಂತ್ರಿಕ ದೋಷವಾಗಿ ಕಂಡಿತ್ತು. ಇದನ್ನು ಓದಿ ನಾನು ಅರ್ಧ ಗಂಟೆ ಸುಮ್ಮನೆ ಕೂತಿದ್ದೆ.

ಕೆರೆಯ ನೀರನ್ನು ಹಂಚುತ್ತಿದ್ದವನು ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ಇವತ್ತು ಯಾವ ಗದ್ದೆಗೆ ಎಷ್ಟು ಹೊತ್ತು, ಎಲ್ಲ ಅವನ ಕೈಯಲ್ಲಿ. ರೈತ ತಾನೇ ಹೋಗಿ ತೂಬಿಗೆ ಕೈ ಹಾಕುವಂತಿರಲಿಲ್ಲ. ನೀರು ಕಡಿಮೆಯಾದ ವರ್ಷ ಎಷ್ಟು ಗದ್ದೆಗೆ ನಾಟಿ ಅನ್ನುವುದನ್ನು ಊರು ಕೂತು ತೀರ್ಮಾನಿಸಬೇಕಾಗುತ್ತಿತ್ತು. ಕೊರತೆಯನ್ನು ಹಂಚಿಕೊಳ್ಳುವ ಒಂದು ಪದ್ಧತಿ ಇತ್ತು ಅನ್ನೋದು ಇಲ್ಲಿ ಮುಖ್ಯ.

ಇಷ್ಟು ಹೇಳಿ ಆ ಕಾಲವನ್ನು ಸ್ವರ್ಗ ಮಾಡಿಬಿಡುವುದು ಸುಲಭ. ನಮ್ಮಲ್ಲಿ ಅನೇಕರು ಅದನ್ನೇ ಮಾಡುತ್ತಾರೆ. ಆದರೆ ನೋಡಿ, ತೂಬಿನ ನೀರು ಸೇರುತ್ತಿದ್ದದ್ದು ಅಚ್ಚುಕಟ್ಟಿನ ಗದ್ದೆಗೆ. ಗದ್ದೆ ಇದ್ದವನಿಗೆ ನೀರು. ಹೆಚ್ಚು ಗದ್ದೆ ಇದ್ದವನಿಗೆ ಹೆಚ್ಚು ನೀರು. ನೀರುಗಂಟಿ ಬಹಳಷ್ಟು ಕಡೆ ದಲಿತ ಕುಟುಂಬದವನು. ಊರಿಗೆಲ್ಲ ನೀರು ಹಂಚುವವನಿಗೆ ಸುಗ್ಗಿಯಲ್ಲಿ ಇಂತಿಷ್ಟು ಕಾಳು ಸಿಗುತ್ತಿತ್ತು. ಅವನದೇ ಆದ ಒಂದು ಗದ್ದೆ ಆ ಅಚ್ಚುಕಟ್ಟಿನಲ್ಲಿ ಎಷ್ಟು ಕಡೆ ಇತ್ತು? ಭೂಮಿ ಇಲ್ಲದವರಿಗೆ ಕೆರೆಯಿಂದ ಏನೂ ಇರಲಿಲ್ಲ ಅಂತಲ್ಲ. ದನಕ್ಕೆ ನೀರು, ಕುಂಬಾರನಿಗೆ ಮಣ್ಣು, ಹೊಲಕ್ಕೆ ಗೋಡು, ಸೇದುವ ಬಾವಿಗೆ ಒರತೆ ಇವೆಲ್ಲ ಇದ್ದವು. ಆದರೆ ಬೆಳೆಯುವ ನೀರಿನ ಪಾಲು ಮಾತ್ರ ಗದ್ದೆಯ ಹೆಸರಿಗೇ.

* * *

ಹಾಗಿರುವಾಗ ಬಂತು ಧಾತು-ಈಶ್ವರ ಸಂವತ್ಸರಗಳ ಬರ. 1876ರಿಂದ 1878.

ಮೈಸೂರು, ಬಳ್ಳಾರಿ, ಬಿಜಾಪುರ, ಧಾರವಾಡದ ಸೀಮೆ, ಅತ್ತ ಸೊಲ್ಲಾಪುರ, ಪುಣೆ, ಇತ್ತ ಮದ್ರಾಸಿನ ಜಿಲ್ಲೆಗಳು. ಇಡೀ ದಖ್ಖನ್ ಒಣಗಿತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಜನಗಣತಿಯಲ್ಲಿ 50 ಲಕ್ಷ ದಾಟಿತ್ತು. 1881ರಲ್ಲಿ ಎಣಿಸಿದಾಗ 42 ಲಕ್ಷವೂ ಇರಲಿಲ್ಲ. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆಯನ್ನು ಬಿಟ್ಟು, ಇದ್ದದ್ದರಲ್ಲೇ 8 ಲಕ್ಷಕ್ಕೂ ಹೆಚ್ಚು ಕಡಿಮೆ. ಸತ್ತವರೆಷ್ಟು, ದೇಶಾಂತರ ಹೋದವರೆಷ್ಟು, ಹುಟ್ಟದೇ ಹೋದ ಮಕ್ಕಳೆಷ್ಟು... ಅಂಕಿಗಳು ಅದನ್ನು ಬಿಡಿಸಿ ಹೇಳುವುದಿಲ್ಲ.

ಆಗ ಬೆಂಗಳೂರಿಗೆ ರೈಲು ಬಂದು 12 ವರ್ಷ ಆಗಿತ್ತು. 1864ರಲ್ಲೇ ಜೋಲಾರ್‌ಪೇಟೆಯ ದಾರಿಯಿಂದ ಮದ್ರಾಸಿನ ಸಂಪರ್ಕ ಸಿಕ್ಕಿತ್ತು. ಧಾನ್ಯವೂ ರೈಲಿನಲ್ಲಿ ಬಂತು. ಬೆಲೆ ಮಾತ್ರ ಕೂಲಿಯವನ ಕೈಗೆ ಎಟುಕದಷ್ಟು ಏರಿತ್ತು. ಮಳೆ ಇಲ್ಲದೆ ಹೊಲದ ಕೆಲಸ ನಿಂತಿತ್ತು, ಕೆಲಸವಿಲ್ಲದವನಿಗೆ ಕೂಲಿಯಿಲ್ಲ, ಕೂಲಿಯಿಲ್ಲದವನಿಗೆ ಅಂಗಡಿಯಲ್ಲಿ ಮೂಟೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅದೇ ಬರದಲ್ಲಿ ವೈಸರಾಯ್ ಕಳಿಸಿದ ಅಧಿಕಾರಿ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ದಿನವಿಡೀ ದುಡಿಯುವ ಗಂಡಾಳಿಗೆ ಒಂದು ಪೌಂಡ್ ಧಾನ್ಯ, ಮೇಲೆ ಚೂರು ಕಾಸು ಸಾಕು ಅಂತ ಗೊತ್ತು ಮಾಡಿದ. ಒಂದು ಪೌಂಡ್ ಅಂದರೆ ಅರ್ಧ ಕೆಜಿಗೂ ಕಡಿಮೆ. ಮದ್ರಾಸಿನ ಆರೋಗ್ಯಾಧಿಕಾರಿ ವಿಲಿಯಂ ಕಾರ್ನಿಶ್ ಇದರಲ್ಲಿ ಮನುಷ್ಯ ಬದುಕುವುದಿಲ್ಲ ಅಂತ ಕೊನೆಯವರೆಗೂ ವಾದ ಮಾಡಿದ. ಇದನ್ನೆಲ್ಲ ಮದ್ರಾಸಿನ ಪತ್ರಕರ್ತ ವಿಲಿಯಂ ಡಿಗ್ಬಿ 1878ರಲ್ಲಿ ಎರಡು ದಪ್ಪ ಸಂಪುಟಗಳಲ್ಲಿ ಬರೆದಿಟ್ಟ. ಅದರಲ್ಲಿ ಮೈಸೂರಿನ ಕಥೆಯೂ ಇದೆ.

ಇದಾಗಿ ನೂರು ವರ್ಷದ ನಂತರ, 1981ರಲ್ಲಿ, ಅಮರ್ತ್ಯ ಸೇನ್ ಬೇರೆ ಬೇರೆ ಕ್ಷಾಮಗಳನ್ನು ಕೂಡಿಸಿ ನೋಡಿ ಒಂದು ಮಾತು ಹೇಳಿದರು. ಕ್ಷಾಮದಲ್ಲಿ ಜನ ಸಾಯುವುದು ಊರಲ್ಲಿ ಆಹಾರ ಇಲ್ಲ ಅಂತಲೇ ಆಗಬೇಕಿಲ್ಲ. ಇರುವ ಆಹಾರದ ಮೇಲೆ ತಮಗೆ ಹಕ್ಕಿಲ್ಲದೆಯೂ ಸಾಯುತ್ತಾರೆ. ನನ್ನ ಪ್ರಶ್ನೆಯೂ ಅಲ್ಲೇ ಇದೆ, ಅನ್ನದ ಬದಲು ನೀರು ಅಂತ ಓದಿಕೊಳ್ಳಿ.

ಕ್ಷಾಮದ ನಂತರ ಸರ್ಕಾರಗಳು ಕೈಕಟ್ಟಿ ಕೂರಲಿಲ್ಲ. 1880ರಲ್ಲಿ ಕ್ಷಾಮ ಆಯೋಗ ವರದಿ ಕೊಟ್ಟಿತು, ಅದರ ಹಿಂದೆ ಕ್ಷಾಮ ಸಂಹಿತೆಗಳು ಬಂದವು. ಬರದಲ್ಲಿ ಜನರಿಗೆ ಕೆಲಸ ಕೊಡಬೇಕಾದ್ದು ಸರ್ಕಾರದ ಹೊಣೆ ಅನ್ನುವುದು ಕಾಗದದ ಮೇಲಾದರೂ ಬಂತು. ಮೈಸೂರಿನಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1898ರಲ್ಲಿ, ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಕಟ್ಟೆ ಶುರುವಾಗಿ 1907ಕ್ಕೆ ಮುಗಿಯಿತು. ಸುಮಾರು 30 ಟಿಎಂಸಿ ಹಿಡಿಯುವ ಕಟ್ಟೆ. ಒಣಸೀಮೆಯ ನಟ್ಟನಡುವೆ ಅಷ್ಟು ದೊಡ್ಡ ನೀರಿನ ಆಸೆ ಕಟ್ಟಿದವರ ಧೈರ್ಯಕ್ಕೆ ಕೈ ಮುಗಿಯಬೇಕು. ಆದರೆ 1933ರ ನಂತರ 2022ರವರೆಗೆ ಅದು ಕೋಡಿ ಬೀಳಲಿಲ್ಲ ಅಂತ ಮೇಲೇ ಹೇಳಿದ್ದೇನೆ. ಮತ್ತೆ, ಅದರ ನೀರು ನಾಲೆಯ ಕೆಳಗಿನ ಜಮೀನಿಗೆ. ನಾಲೆಯ ಮೇಲಿನವನಿಗೆ, ಜಮೀನಿಲ್ಲದವನಿಗೆ ಅದು ದೂರದಿಂದ ನೋಡುವ ನೀರು. ಯಾರಿಗೆ ಯಾವಾಗ ಬಿಡಬೇಕು ಅನ್ನೋದು ಈಗ ನೀರುಗಂಟಿಯ ಕೈಯಿಂದ ಕಚೇರಿಗೆ ಹೋಯಿತು, ಅಷ್ಟೇ.

* * *

ಇದೇ ಹೊತ್ತಿನಲ್ಲಿ, ಯಾರ ಗಮನಕ್ಕೂ ಬಾರದ ಹಾಗೆ, ಇನ್ನೊಂದು ಕೆಲಸ ನಡೆಯಿತು. 1882ರಲ್ಲಿ ಇಂಡಿಯನ್ ಈಸ್ಮೆಂಟ್ಸ್ ಆಕ್ಟ್ ಅಂತ ಒಂದು ಕಾಯಿದೆ ಬಂತು. ತನ್ನ ಜಮೀನಿನ ಕೆಳಗಿರುವ ನೀರನ್ನು ಎತ್ತಿಕೊಳ್ಳಲು ಜಮೀನಿನ ಒಡೆಯನಿಗೆ ಹಕ್ಕಿದೆ ಅನ್ನುವುದು ಅದರಲ್ಲಿದೆ. ಮೊದಲಿಗೆ ಆ ಕಾಯಿದೆ ಎಲ್ಲ ಪ್ರಾಂತ್ಯಗಳಿಗೂ ಅನ್ವಯವಾಗಲಿಲ್ಲ, ಆದರೆ ತತ್ವ ಮಾತ್ರ ದೇಶದ ತುಂಬ ಬೇರುಬಿಟ್ಟಿತು. ಆ ಕಾಲಕ್ಕೆ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಕಪಿಲೆ ಬಾನೆ ಕಟ್ಟಿ ಎತ್ತುಗಳಿಂದ ಎಷ್ಟು ನೀರು ಎತ್ತಲು ಸಾಧ್ಯ? ಎತ್ತು ಸುಸ್ತಾದರೆ ನೀರು ಎತ್ತುವುದು ನಿಲ್ಲುತ್ತಿತ್ತು. ಬಾವಿಯ ಆಳಕ್ಕೂ ಒಂದು ಮಿತಿ ಇತ್ತು.

ಆಮೇಲೆ ಕರೆಂಟು ಬಂತು, ಬೋರ್‌ವೆಲ್ ಕೊರೆಯುವ ಲಾರಿ ಬಂತು. ಎತ್ತಿಗೆ ಸುಸ್ತಾಗುತ್ತಿತ್ತು, ಮೋಟರಿಗೆ ಆಗುವುದಿಲ್ಲ. ಕಾಯಿದೆ ಹಳೆಯದೇ, ಯಂತ್ರ ಹೊಸದು. ಯಾರ ಬೋರು ಆಳವೋ ಅವನಿಗೆ ನೀರು. ಪಕ್ಕದವನದು 300 ಅಡಿ ಇದ್ದರೆ ನೀನು 600 ಕೊರೆಸು, ಅವನು 600 ಕೊರೆಸಿದರೆ ನೀನು 1000 ಕೊರೆಸು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟಿದ ಬೋರುಗಳು ಈಗ ಸುದ್ದಿಯೇ ಅಲ್ಲ. ಸಾಲ ಮಾಡಿ ಕೊರೆಸಿದ ಬೋರಿನಲ್ಲಿ ಧೂಳು ಬಂದರೆ ಆ ಮನೆಯ ಕಥೆ ಏನು ಅಂತ ಬಯಲುಸೀಮೆಯವರಿಗೆ ಹೇಳಬೇಕಿಲ್ಲ. ಕೆರೆ ಬತ್ತಿದರೆ ಊರಿಗೆಲ್ಲ ಕಾಣುತ್ತದೆ. ಬೋರು ಬತ್ತಿದರೆ ಒಂದು ಮನೆಗೆ ಮಾತ್ರ ಗೊತ್ತು.

ಬೆಳೆಯನ್ನೂ ನೋಡಿ. ನಮ್ಮ ಕಡೆ ಹೊಳಲ್ಕೆರೆ, ಹೊಸದುರ್ಗದ ಸುತ್ತ ಅಡಿಕೆ ತೋಟಗಳು ಹಬ್ಬಿವೆ. ಮಲೆನಾಡಿನ ಬೆಳೆ, ಬಯಲುಸೀಮೆಯ ಮಳೆ. ಬರದ ವರ್ಷಗಳಲ್ಲಿ ತೋಟ ಉಳಿಸಿಕೊಳ್ಳಲು ಟ್ಯಾಂಕರಿನಲ್ಲಿ ನೀರು ಕೊಂಡು ಹೊಯ್ದವರು ನಮ್ಮ ನೆಂಟರಲ್ಲೇ ಇದ್ದಾರೆ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ರಾಗಿ ಬೆಳೆದು ಮಕ್ಕಳನ್ನು ಎಂಜಿನಿಯರಿಂಗ್ ಓದಿಸಲು ಆಗುತ್ತದಾ ಅಂತ ಅವರು ಕೇಳಿದರೆ ಆ ಎಂಜಿನಿಯರಿಂಗ್ ಓದಿದ ನಾನು ಏನಂತ ಉತ್ತರ ಕೊಡಲಿ? ಆದರೆ ಆ ಟ್ಯಾಂಕರ್ ತುಂಬಿದ್ದು ಇನ್ಯಾವುದೋ ಬೋರಿನಿಂದ. ಆ ಬೋರಿನ ಸುತ್ತಲಿನ ಕೈಪಂಪು ಬತ್ತಿದರೆ ಬಿಂದಿಗೆ ಹಿಡಿದು ದೂರ ನಡೆಯುವವರು ಬೇರೆ.

* * *

ಈಗ ನಾನು ಹೇಳಬೇಕೆಂದಿದ್ದ ಕಥೆ. ಇದಕ್ಕಾಗಿ ಗಡಿ ದಾಟಿ ಪುಣೆ ಜಿಲ್ಲೆಯ ಪುರಂದರ ತಾಲೂಕಿಗೆ ಹೋಗಬೇಕು. ಅಷ್ಟೇನೂ ಪರಕೀಯ ಜಾಗವಲ್ಲ. ಜೇಜುರಿ ಇರುವುದು ಇದೇ ತಾಲೂಕಿನಲ್ಲಿ. ಅಲ್ಲಿನ ಖಂಡೋಬಾ ನಮ್ಮ ಮೈಲಾರಲಿಂಗನೇ. ಸಹ್ಯಾದ್ರಿಯ ಮಳೆ ನೆರಳಿನ ನಾಡು. ಪಶ್ಚಿಮದ ಘಟ್ಟದ ನೆತ್ತಿಯ ಮೇಲೆ ಸುರಿಯುವ ಮಳೆ ಪೂರ್ವಕ್ಕೆ ಬರುತ್ತಾ ಬರುತ್ತಾ ಹನಿಯಾಗಿ ಬಿಡುತ್ತದೆ.

1972ರಲ್ಲಿ ಮಹಾರಾಷ್ಟ್ರಕ್ಕೆ ದೊಡ್ಡ ಬರ. ಬರ ಜೋರಾದಾಗ, 1973ರ ಬೇಸಿಗೆಯಲ್ಲಿ, ಸುಮಾರು 50 ಲಕ್ಷ ಜನ ಸರ್ಕಾರದ ಪರಿಹಾರ ಕಾಮಗಾರಿಗಳಲ್ಲಿ ದುಡಿಯುತ್ತಿದ್ದರು. 1876ರ ಹಾಗೆ ಜನ ಬೀದಿಯಲ್ಲಿ ಸಾಯಲಿಲ್ಲ ಅನ್ನುವುದು ಸಣ್ಣ ಮಾತಲ್ಲ. ಆ ಅನುಭವದಿಂದಲೇ ವಿ.ಎಸ್. ಪಾಗೆಯವರು ರೂಪಿಸಿದ ಉದ್ಯೋಗ ಖಾತರಿ ಯೋಜನೆ ಬೆಳೆದು 1977ರಲ್ಲಿ ರಾಜ್ಯದ ಕಾಯಿದೆಯಾಯಿತು; 2005ರಲ್ಲಿ ಸಂಸತ್ತು ಮಾಡಿದ ಉದ್ಯೋಗ ಖಾತರಿ ಕಾಯಿದೆಗೂ ಅದೇ ಮೇಲ್ಪಂಕ್ತಿ.

ಆ ಬರದಲ್ಲಿ ಪುರಂದರಕ್ಕೆ ಬಂದವರಲ್ಲಿ ವಿಲಾಸರಾವ್ ಸಾಳುಂಖೆ ಅಂತ ಒಬ್ಬ ಎಂಜಿನಿಯರ್ ಇದ್ದರು. ಪುಣೆಯಲ್ಲಿ ಅವರದು ಸೂಕ್ಷ್ಮ ಅಳತೆಯ ಉಪಕರಣಗಳನ್ನು ಮಾಡುವ ಕಾರ್ಖಾನೆ. ಕೂದಲೆಳೆಗಿಂತ ಸಣ್ಣದನ್ನು ಅಳೆಯುವುದು ಕಸುಬು. ಬಂದು ನೋಡಿದರೆ ರೈತರು ರಸ್ತೆ ಬದಿಯಲ್ಲಿ ಕೂತು ಜಲ್ಲಿ ಒಡೆಯುತ್ತಿದ್ದಾರೆ. ಈ ವರ್ಷ ಜಲ್ಲಿ ಒಡೆದರೆ ಈ ವರ್ಷದ ಊಟ. ಮುಂದಿನ ಬರಕ್ಕೆ ಮತ್ತೆ ಜಲ್ಲಿ. ಇದೇ ರಟ್ಟೆಬಲವನ್ನು ಮಣ್ಣು ನೀರು ಹಿಡಿಯುವುದಕ್ಕೆ ಯಾಕೆ ಬಳಸಬಾರದು ಅಂತ ಅವರಿಗೆ ಅನ್ನಿಸಿತು.

ಸಾಳುಂಖೆ ಭಾಷಣ ಮಾಡುತ್ತಾ ಕೂರಲಿಲ್ಲ. ನಾಯಗಾಂವ್ ಎಂಬ ಹಳ್ಳಿಯಲ್ಲಿ ದೇವಸ್ಥಾನದ ಟ್ರಸ್ಟಿಗೆ ಸೇರಿದ್ದ 40 ಎಕರೆ ಬೋಳುಗುಡ್ಡವನ್ನು ಗುತ್ತಿಗೆಗೆ ತೆಗೆದುಕೊಂಡು, ಪತ್ನಿ ಕಲ್ಪನಾ ಅವರ ಜೊತೆ ಅಲ್ಲೇ ಕೆಲಸಕ್ಕೆ ನಿಂತರು. ಇಳಿಜಾರಿಗೆ ಅಡ್ಡವಾಗಿ ಬದು, ಕೆಳಗೆ ಒಂದು ಇಂಗುಕೆರೆ, ಅದರ ಕೆಳಗೆ ಒಂದು ಬಾವಿ. ಬಾವಿಯ ನೀರನ್ನು ಮತ್ತೆ ಮೇಲಕ್ಕೆ ಎತ್ತಿ ಬೆಳೆಗೆ. ಏನೂ ಬೆಳೆಯದ ಗುಡ್ಡದಲ್ಲಿ ಧಾನ್ಯ ಬಂತು, ಮರ ಬಂತು. 1974ರಲ್ಲಿ ಗ್ರಾಮ ಗೌರವ ಪ್ರತಿಷ್ಠಾನ ಎಂಬ ಸಂಸ್ಥೆ ಕಟ್ಟಿದರು.

ಇಲ್ಲಿಯವರೆಗಿನ ಕಥೆ ನಮಗೆ ಹೊಸತಲ್ಲ. ಬದು ಹಾಕಿ, ನೀರು ಇಂಗಿಸಿ, ಗಿಡ ನೆಡಿ; ಜಲಾನಯನ ಇಲಾಖೆಯ ಗೋಡೆ ಬರಹಗಳಲ್ಲೆಲ್ಲ ಓದಿದ್ದೇವೆ. ಅವರ ದೊಡ್ಡತನ ಇರುವುದು ಮುಂದಿನ ಹೆಜ್ಜೆಯಲ್ಲಿ. ಇಂಗಿದ ನೀರು ಯಾರದ್ದು? ಸುಮ್ಮನೆ ಬಿಟ್ಟರೆ ಹಳೇ ನಿಯಮವೇ ನಡೆಯುತ್ತದೆ: ಕೆಳಗಿನ ಜಮೀನು ಯಾರದೋ, ಬಾವಿ ಯಾರದೋ, ಪಂಪು ಯಾರದೋ ಅವರದ್ದು. ಊರೆಲ್ಲ ಬೆವರು ಸುರಿಸಿ ನೀರು ಇಂಗಿಸುವುದು, ಇಬ್ಬರು ಮೂವರು ಅದರಲ್ಲಿ ಕಬ್ಬು ಬೆಳೆಯುವುದು!

70ರ ದಶಕದ ಕೊನೆಗೆ ಸಾಳುಂಖೆ ಮತ್ತು ಅಲ್ಲಿನ ರೈತರು ಸೇರಿ ಮಾಡಿಕೊಂಡ ಕಟ್ಟಳೆಗಳಿಗೆ 'ಪಾಣಿ ಪಂಚಾಯತ್' ಅಂತ ಹೆಸರಾಯಿತು. ಅವುಗಳನ್ನು ಒಂದೊಂದಾಗಿ ಹೇಳುತ್ತೇನೆ, ನಿಧಾನವಾಗಿ ಓದಿ.

ಒಂದು, ನೀರಾವರಿ ಯೋಜನೆ ಗುಂಪಿಗೆ ಮಾತ್ರ, ಒಬ್ಬನಿಗೆ ಇಲ್ಲ.

ಎರಡು, ನೀರಿನ ಪಾಲು ಜಮೀನಿನ ಲೆಕ್ಕದಲ್ಲಿ ಇಲ್ಲ, ತಲೆ ಲೆಕ್ಕದಲ್ಲಿ. ಒಬ್ಬರಿಗೆ ಅರ್ಧ ಎಕರೆಗೆ ಆಗುವಷ್ಟು ನೀರು. ಒಂದು ಕುಟುಂಬಕ್ಕೆ ಎಷ್ಟೇ ಜನರಿದ್ದರೂ ಎರಡೂವರೆ ಎಕರೆಗೆ ಮಿತಿ. ಮಿಕ್ಕ ಜಮೀನು ಮಳೆಯನ್ನೇ ನಂಬಬೇಕು.

ಮೂರು, ನೀರಿನ ಹಕ್ಕು ಜಮೀನಿಗೆ ಅಂಟಿಕೊಂಡದ್ದಲ್ಲ. ಜಮೀನು ಮಾರಿದರೆ ನೀರು ಜೊತೆಗೆ ಹೋಗುವುದಿಲ್ಲ, ಗುಂಪಿಗೇ ವಾಪಸ್ ಬರುತ್ತದೆ.

ನಾಲ್ಕು, ಖರ್ಚಿನಲ್ಲಿ 20 ಶೇಕಡಾ ರೈತರೇ ಮೊದಲು ಹಾಕಬೇಕು. ನೀರು ಬಿಡುವುದು, ಹಣ ವಸೂಲಿ, ಲೆಕ್ಕ ಎಲ್ಲ ಅವರದ್ದೇ.

ಐದು, ವರ್ಷವಿಡೀ ನೀರು ಕುಡಿಯುವ ಕಬ್ಬು, ಬಾಳೆಯಂಥ ಬೆಳೆ ಇಲ್ಲ.

ಆರು, ಭೂಮಿ ಇಲ್ಲದವರಿಗೂ ನೀರಿನಲ್ಲಿ ಪಾಲು ಉಂಟು.

ಒಂದು ಲೆಕ್ಕ ಹಾಕೋಣ. 20 ಎಕರೆ ಇರುವ ಐದು ಜನರ ಮನೆ. ಅವರಿಗೆ ಸಿಗುವುದು ಎರಡೂವರೆ ಎಕರೆಯ ನೀರು. ಪಕ್ಕದಲ್ಲಿ 2 ಎಕರೆ ಇರುವ ನಾಲ್ಕು ಜನರ ಮನೆ. ಅವರ ಎರಡೂ ಎಕರೆಗೆ ನೀರು. ಮೂರನೆಯದು ಭೂಮಿ ಇಲ್ಲದ ನಾಲ್ಕು ಜನರ ಮನೆ. ಅವರ ಹೆಸರಿನಲ್ಲೂ 2 ಎಕರೆಯ ನೀರು ಇದೆ. ಭೂಮಿಯೇ ಇಲ್ಲದೆ ನೀರು ಇಟ್ಟುಕೊಂಡು ಏನು ಮಾಡುತ್ತಾರೆ ಅಂತೀರಾ? 20 ಎಕರೆಯವನ ಹತ್ತಿರ ಈಗ ನೀರಿಲ್ಲದ ಹದಿನೇಳೂವರೆ ಎಕರೆ ಬಿದ್ದಿದೆಯಲ್ಲ. ಇವನ ನೀರು, ಅವನ ಹೊಲ, ಪಾಲಿಗೆ ಬೇಸಾಯ. ಇದುವರೆಗೆ ಆ ಹೊಲದ ಬದುವಿನ ಮೇಲೆ ಕೂಲಿಗೆ ನಿಲ್ಲುತ್ತಿದ್ದವನು ಈಗ ತನ್ನ ನೀರು ಹಿಡಿದು ಚೌಕಾಸಿಗೆ ಬರುತ್ತಾನೆ. ಒಂದು ಟೇಬಲ್ಲಿನ ಕೀ ಬದಲಾಯಿಸಿದ್ದಕ್ಕೆ, ಸರ್ವೆ ನಂಬರಿನ ಜಾಗದಲ್ಲಿ ಮನುಷ್ಯನನ್ನು ಇಟ್ಟಿದ್ದಕ್ಕೆ, ಊರಿನ ಮಾತುಕತೆಯ ಧಾಟಿಯೇ ಬದಲಾಗುತ್ತದೆ. ಎಣಿಕೆಯಲ್ಲಿ ಹೆಂಗಸರ ತಲೆಯೂ ಗಂಡಸರ ತಲೆಯಷ್ಟೇ ಅನ್ನುವುದನ್ನೂ ಮರೆಯಬಾರದು.

ನೀರು ಬಿಡಲು ಗುಂಪಿಗೊಬ್ಬ 'ಪಾಟ್ಕರಿ' ಇದ್ದ. ಅವನು ಬೇರೆ ಯಾರೂ ಅಲ್ಲ, ನಮ್ಮ ನೀರುಗಂಟಿಯೇ. ಹಳೇ ಕೆರೆಯ ಶಿಸ್ತು ಉಳಿಯಿತು, ಹಳೇ ಕೆರೆಯ ಪಂಕ್ತಿಭೇದ ಹೋಯಿತು.

ಕಬ್ಬಿನ ನಿಷೇಧದ ಬಗ್ಗೆ ಒಂದು ಮಾತು. ಮಹಾರಾಷ್ಟ್ರದಲ್ಲಿ ಸಾಗುವಳಿಯ ಸಣ್ಣದೊಂದು ಭಾಗದಲ್ಲಿರುವ ಕಬ್ಬು ನೀರಾವರಿಯ ನೀರಿನ ದೊಡ್ಡ ಪಾಲನ್ನು ಕುಡಿಯುತ್ತದೆ. ಒಂದು ಎಕರೆ ಕಬ್ಬಿನ ನೀರಿನಲ್ಲಿ ಹಲವು ಎಕರೆ ಜೋಳಕ್ಕೆ, ಕಡಲೆಗೆ ನೀರು ಕೊಡಬಹುದು. ಹಾಗಾಗಿ ಆ ನಿಯಮ ಬೆಳೆಯ ಮೇಲಿನ ಸಿಟ್ಟಲ್ಲ, ಶುದ್ಧ ಗಣಿತ. ಮಳೆ ಕಡಿಮೆಯಾದ ವರ್ಷ ಹಂಗಾಮಿನ ಬೆಳೆಯನ್ನು ಕಡಿಮೆ ಬಿತ್ತಬಹುದು. ಕಬ್ಬನ್ನೋ ಅಡಿಕೆಯನ್ನೋ 'ಈ ವರ್ಷ ಸ್ವಲ್ಪ ಕಡಿಮೆ ಕುಡಿ' ಅಂತ ಕೇಳಲು ಬರುವುದಿಲ್ಲ. ಹವಾಮಾನ ಹೇಗೆ ತಿರುಗಿದರೂ ತಡೆದುಕೊಳ್ಳುವ ಬೇಸಾಯ ಅಂತ ಈಗ ದೊಡ್ಡ ದೊಡ್ಡ ಸಭೆಗಳಲ್ಲಿ ಮಾತಾಡುತ್ತಾರಲ್ಲ, ಅದರ ಮೊದಲ ಪಾಠ ಇದು.

* * *

ಹಂಚಿಕೊಳ್ಳುವುದು ಬರೀ ದಯೆಯ ಮಾತು ಅಂತ ಯಾರಿಗಾದರೂ ಅನ್ನಿಸಿದರೆ ಅದೇ ವರ್ಷಗಳಲ್ಲಿ ಉತ್ತರದಲ್ಲಿ ನಡೆದ ಇನ್ನೊಂದು ಪ್ರಯೋಗ ನೋಡಬೇಕು. ಚಂಡೀಗಢದ ಸುಖ್ನಾ ಸರೋವರದಲ್ಲಿ ಹೂಳು ತುಂಬುತ್ತಿತ್ತು. ಹೂಳು ಬರುತ್ತಿದ್ದದ್ದು ಹರಿಯಾಣದ ಸುಖೋಮಾಜ್ರಿ ಎಂಬ ಹಳ್ಳಿಯ ಸುತ್ತಲಿನ ಬೋಳು ಗುಡ್ಡಗಳಿಂದ. ಪಿ.ಆರ್. ಮಿಶ್ರಾ ಎಂಬ ಮಣ್ಣು ಸಂರಕ್ಷಣಾ ವಿಜ್ಞಾನಿ ಅಲ್ಲಿ ಸಣ್ಣ ಒಡ್ಡುಗಳನ್ನು ಕಟ್ಟಿಸಿದರು. ಒಡ್ಡು ಉಳಿಯಬೇಕಾದರೆ ಗುಡ್ಡದಲ್ಲಿ ಮೇಕೆ ಮೇಯಿಸುವುದು ನಿಲ್ಲಬೇಕು. ನೀರು ಬರೀ ಜಮೀನಿದ್ದವರಿಗೆ ಹೋದರೆ ಜಮೀನಿಲ್ಲದವನು ತನ್ನ ಮೇಕೆಯನ್ನು ಯಾಕೆ ಕಟ್ಟಿಹಾಕುತ್ತಾನೆ? ಕೊನೆಗೆ ಭೂಮಿ ಇರಲಿ ಬಿಡಲಿ, ಮನೆಗೊಂದು ಸಮಪಾಲು ಅಂತ ತೀರ್ಮಾನವಾಯಿತು. ಬೇಡವಾದವನು ತನ್ನ ಪಾಲನ್ನು ಮಾರಿಕೊಳ್ಳಬಹುದಿತ್ತು. ಗುಡ್ಡ ಹಸಿರಾಯಿತು.

ಸುಖೋಮಾಜ್ರಿ ಹೇಳುವುದು ಇಷ್ಟೇ: ಪಾಲು ಇಲ್ಲದವನಿಗೆ ಕಾಯುವ ಕಾರಣ ಇಲ್ಲ. ಸಮಪಾಲು ಅನ್ನೋದು ಒಡ್ಡಿನ ಕಲ್ಲಿನಷ್ಟೇ ಒಡ್ಡಿನ ಭಾಗ.

* * *

ಇಷ್ಟೆಲ್ಲ ಆದ ಮೇಲೆ ಪಾಣಿ ಪಂಚಾಯತ್ ದೇಶದ ತುಂಬ ಹಬ್ಬಬೇಕಿತ್ತು ಅಲ್ಲವಾ? ಪುರಂದರ ಮತ್ತು ಸುತ್ತಿನಲ್ಲಿ ಹತ್ತಾರು ಗುಂಪುಗಳೇನೋ ಆದವು. ಸಾಳುಂಖೆಯವರಿಗೆ 1986ರಲ್ಲಿ ಜಮ್ನಾಲಾಲ್ ಬಜಾಜ್ ಪ್ರಶಸ್ತಿ ಬಂತು. 2002ರಲ್ಲಿ ಅವರು ತೀರಿಕೊಂಡರು. ಅದೇ 2002ರಲ್ಲಿ ಒರಿಸ್ಸಾ ಸರ್ಕಾರ 'ಪಾಣಿ ಪಂಚಾಯತ್ ಕಾಯಿದೆ' ಅಂತಲೇ ಒಂದು ಕಾಯಿದೆ ಮಾಡಿತು. ಹೆಸರು ಅದೇ, ಆದರೆ ಅಲ್ಲಿ ಸದಸ್ಯರಾಗುವವರು ಅಚ್ಚುಕಟ್ಟಿನ ಜಮೀನಿನವರು. ಕೀ ಮತ್ತೆ ಸರ್ವೆ ನಂಬರಿಗೇ ಹೋಯಿತು! ಬೇರೆ ರಾಜ್ಯಗಳ ನೀರು ಬಳಕೆದಾರರ ಸಂಘಗಳೂ ಬಹುಪಾಲು ಇದೇ ಜಾಡಿನವು. ಹೆಸರು ಊರೂರು ಸುತ್ತಿತು, ಆರನೇ ಕಟ್ಟಳೆ ನಾಯಗಾಂವಿನ ಆಚೆ ಹೋಗಲು ಹೆದರಿತು.

ಪುರಂದರದಲ್ಲೇ ಹಲವು ಗುಂಪುಗಳು ಕಾಲಕ್ರಮದಲ್ಲಿ ನಿಂತುಹೋದವು. ನೀರನ್ನು ಮೇಲಕ್ಕೆ ಎತ್ತುವ ಯೋಜನೆಗಳಿಗೆ ಪ್ರತಿ ತಿಂಗಳೂ ಕರೆಂಟಿನ ಬಿಲ್ಲು ಇರುತ್ತದೆ, ಮೋಟರು ಸುಡುತ್ತದೆ. ಹತ್ತಿರದ ಪುಣೆ ಬೆಳೆದು ದುಡಿಯುವ ಹುಡುಗರನ್ನು ಎಳೆದುಕೊಂಡಿತು. ತಾಲೂಕಿನ ಅಂಜೂರ, ಸೀತಾಫಲಕ್ಕೆ ಒಳ್ಳೆಯ ಮಾರುಕಟ್ಟೆ ಸಿಕ್ಕಿತು. ಪುರಂದರದ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ದುಡ್ಡಿದ್ದವನು ಸ್ವಂತ ಬಾವಿ, ಸ್ವಂತ ಹೊಂಡ ಮಾಡಿಕೊಂಡರೆ ಗುಂಪಿನ ಹಂಗು ಯಾಕೆ? ಜೊತೆಗೆ ಪುಣೆಯ ಕೊಳಚೆ ಹೊತ್ತು ಬರುವ ಮುಳಾ-ಮುಠಾ ನದಿಯ ನೀರನ್ನು ಎತ್ತಿ ಈ ತಾಲೂಕಿಗೆ ಕೊಡುವ ದೊಡ್ಡ ಸರ್ಕಾರಿ ಯೋಜನೆಯೂ ಬಂತು.

ಇದನ್ನು ಓದುವಾಗ ನಿಮಗೂ ಕೋಲಾರ ನೆನಪಾಗಿರಬೇಕು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ನಗರ ಕುಡಿದು ಬಿಟ್ಟ ನೀರು ಬರದ ಜಿಲ್ಲೆಗೆ. ನೀರು ಎಷ್ಟು ಶುದ್ಧ ಅನ್ನುವ ಜಗಳ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು, ಹತ್ತಬೇಕಾದ್ದೇ. ಆದರೆ ಇನ್ನೊಂದು ಪ್ರಶ್ನೆ ಅಷ್ಟು ಜೋರಾಗಿ ಕೇಳಿಸಲಿಲ್ಲ. ಕೆರೆ ತುಂಬಿ, ಅಂತರ್ಜಲ ಮೇಲೆ ಬಂದು, ಬೋರುಗಳು ಮತ್ತೆ ಜೀವ ಪಡೆದರೆ ಆ ನೀರು ಯಾರದ್ದು? ತುಂಬಿಸಿದ್ದು ಎಲ್ಲರ ತೆರಿಗೆಯಿಂದ. ಎತ್ತುವುದು ಬೋರು ಇದ್ದವನು. ಕರ್ನಾಟಕದಲ್ಲಿ 2011ರ ಅಂತರ್ಜಲ ಕಾಯಿದೆ ಇದೆ; ಘೋಷಿತ ಪ್ರದೇಶಗಳಲ್ಲಿ ಬೋರು ಕೊರೆಸಲು ಅನುಮತಿ ಬೇಕು ಅನ್ನುತ್ತದೆ. ಕೊರೆಯಬಹುದೇ ಬೇಡವೇ ಅನ್ನುವುದಕ್ಕೆ ಅದರಲ್ಲಿ ದಾರಿ ಇದೆ, ಸರಿ. ಕೊರೆದ ಮೇಲೆ ಬಂದ ನೀರಿನಲ್ಲಿ ಪಕ್ಕದ ಮನೆಯ ಕೂಲಿಯವಳ ಪಾಲೆಷ್ಟು ಅಂತ ಲೆಕ್ಕ ಬರೆಯುವ ಪುಸ್ತಕ ಇನ್ನೂ ಇಲ್ಲ.

ಪಾಣಿ ಪಂಚಾಯತ್ ಸೋತಿತಾ? ಹಲವು ಗುಂಪುಗಳು ನಿಂತದ್ದು ನಿಜ. ಆದರೆ ಮಳೆ ಕಡಿಮೆ ಬೀಳುವ ಒಂದು ತಾಲೂಕಿನಲ್ಲಿ, ಸಾಮಾನ್ಯ ರೈತರು, ತಮಗಿಂತ ಬಡವನಿಗೆ ಪಾಲು ಕೊಟ್ಟು, ತಾವು ಕಬ್ಬು ಬಿಟ್ಟು, ವರ್ಷಗಟ್ಟಲೆ ಬೇಸಾಯ ಮಾಡಿ ತೋರಿಸಿದರು. ಇದು ಆಗದ ಮಾತು ಅಂತ ಇನ್ನು ಯಾರೂ ಹೇಳುವಂತಿಲ್ಲ. ಆಗಿದೆ. ಗಣಿತವೂ ಕೂಡಿಬಂದಿದೆ.

ಮುಂದಿನ ವರ್ಷಗಳಲ್ಲಿ ಮಳೆ ಇನ್ನೂ ಅಡ್ಡಾದಿಡ್ಡಿಯಾಗಿ ಬರುತ್ತದೆ ಅಂತ ವಿಜ್ಞಾನಿಗಳು ಹೇಳುತ್ತಿದ್ದಾರೆ. ಚೆಕ್ ಡ್ಯಾಮ್ ಬರುತ್ತವೆ, ಕೃಷಿ ಹೊಂಡ ಬರುತ್ತವೆ, ಹನಿ ನೀರಾವರಿಗೆ ಸಬ್ಸಿಡಿ ಬರುತ್ತದೆ. ಎಲ್ಲ ಬರಲಿ, ಎಲ್ಲವೂ ಬೇಕು. ನಿಮ್ಮೂರಿನಲ್ಲಿ ಅಂಥದ್ದೊಂದು ಕಾಮಗಾರಿ ಶುರುವಾದರೆ ಗುದ್ದಲಿ ಪೂಜೆಯ ದಿನವೇ ಒಂದು ಪ್ರಶ್ನೆ ಕೇಳಿ ನೋಡಿ: ಸ್ವಾಮಿ, ಈ ನೀರನ್ನು ಯಾರ ಹೆಸರಿಗೆ ಬರೆಯುತ್ತೀರಿ?

ಏನು ಉತ್ತರ ಬಂತು ಅಂತ ನನಗೂ ತಿಳಿಸಿ. ನಿಮ್ಮೂರಿನಲ್ಲಿ ಇನ್ನೂ ನೀರುಗಂಟಿ ಇದ್ದರೆ, ಅವರು ನೀರು ಹಂಚುವ ಲೆಕ್ಕ ನಿಮಗೆ ಗೊತ್ತಿದ್ದರೆ ಅದನ್ನೂ ಬರೆಯಿರಿ. ಆ ಲೆಕ್ಕ ಬಲ್ಲವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.